ದ್ವಿಮಾನ ತರ್ಕ ಮತ್ತು ಮಾನವ ವಿವೇಕ

ಮಾನವನು ನಿರ್ಮಿಸಿದ ಯಂತ್ರಗಳಲ್ಲಿ ಹೆಚ್ಚಿನವು ಅವನ ತೋಳಿನ ಬಲವನ್ನು ವೃದ್ಧಿಗೊಳಿಸಿದವು. ನೇಗಿಲು ನೆಲವನ್ನು ಸೀಳಿತು. ಚಕ್ರವು ದೂರವನ್ನು ಹತ್ತಿರಗೊಳಿಸಿತು. ಉಗಿಯಂತ್ರವು ನೂರಾರು ಕುದುರೆಗಳ ಕೆಲಸವನ್ನು ಒಂದೆಡೆ ಕೂಡಿಸಿತು. ಈ ಸಾಲಿನಲ್ಲಿ ತಡವಾಗಿ ಬಂದ ಗಣಕಯಂತ್ರವು ಮಾತ್ರ ತೋಳಿಗಲ್ಲ, ತಲೆಗೆ ನೆರವಾಗಲು ಹುಟ್ಟಿದುದು. ಬ್ಯಾಂಕಿನ ಲೆಕ್ಕ, ರೈಲಿನ ಟಿಕೆಟ್ಟು, ಪರೀಕ್ಷೆಯ ಫಲಿತಾಂಶ, ಹೊಲದ ಪಹಣಿ ಇವೆಲ್ಲವೂ ಇಂದು ಅದರ ಮೂಲಕವೇ ಜನರ ಕೈಸೇರುತ್ತವೆ. ಆದರೂ ಅದರ ವಿಷಯದಲ್ಲಿ ಜನಮನದಲ್ಲಿ ಪರಸ್ಪರ ವಿರುದ್ಧವಾದ ಎರಡು ನಂಬಿಕೆಗಳು ಬೇರೂರಿವೆ. ಯಂತ್ರವು ಹೇಳಿದ ಮೇಲೆ ಅದು ತಪ್ಪಾಗಲಾರದೆಂಬುದು ಒಂದು. ಸೊನ್ನೆ ಮತ್ತು ಒಂದರ ಹೊರತು ಬೇರೇನನ್ನೂ ಅರಿಯದ ಆ ಜಡವಸ್ತುವಿಗೂ ಮಾನವನ ಚಿಂತನೆಗೂ ಯಾವ ಸಂಬಂಧವೂ ಇಲ್ಲವೆಂಬುದು ಇನ್ನೊಂದು. ಮೊದಲನೆಯದು ಭಯಭಕ್ತಿಯಿಂದ ಹುಟ್ಟಿದುದು, ಎರಡನೆಯದು ತಾತ್ಸಾರದಿಂದ. ಎರಡೂ ಅಸಮರ್ಪಕವಾದವು. ಗಣಕದ ತಳಹದಿಯಾದ ದ್ವಿಮಾನ ತರ್ಕವು ಎಲ್ಲಿಂದ ಬಂದಿತು, ಅದು ಮಾನವನ ವಿಚಾರಶಕ್ತಿಯ ಯಾವ ಅಂಶವನ್ನು ತನ್ನದಾಗಿಸಿಕೊಂಡಿತು, ಯಾವುದನ್ನು ಹೊರಗೆ ಬಿಟ್ಟಿತು ಎಂಬುದನ್ನು ಅರಿತವರಿಗೆ ಈ ಮಾತು ಸ್ಪಷ್ಟವಾಗುತ್ತದೆ.

ಎರಡಾಗಿ ವಿಭಾಗಿಸಿ ನೋಡುವುದು ಮಾನವಬುದ್ಧಿಗೆ ಹೊಸದೇನೂ ಅಲ್ಲ. ಬೆಳಕು ಮತ್ತು ಕತ್ತಲೆ, ಒಳಗೆ ಮತ್ತು ಹೊರಗೆ, ಉಂಟು ಮತ್ತು ಇಲ್ಲ ಎಂಬ ಭೇದಗಳಿಂದಲೇ ಶಿಶುವಿನ ಲೋಕಜ್ಞಾನವು ಮೊದಲಾಗುತ್ತದೆ. ಕನ್ನಡದ ವಿದ್ಯಾರ್ಥಿಗೆ ಇದರ ಉತ್ತಮ ನಿದರ್ಶನವು ಪ್ರೌಢಶಾಲೆಯ ತರಗತಿಯಲ್ಲಿಯೇ ದೊರೆಯುತ್ತದೆ. ಪದ್ಯಕ್ಕೆ ಪ್ರಸ್ತಾರ ಹಾಕುವಾಗ ಅವನು ಪ್ರತಿಯೊಂದು ಅಕ್ಷರವನ್ನೂ ಲಘು ಅಥವಾ ಗುರು ಎಂದು ಗುರುತಿಸುತ್ತಾನೆ, ಮೂರನೆಯ ಜಾತಿಯಿಲ್ಲ. ಮೂರು ಅಕ್ಷರಗಳ ಗುಂಪಿನಲ್ಲಿ ಪ್ರತಿಯೊಂದು ಸ್ಥಾನಕ್ಕೂ ಎರಡೆರಡು ಸಾಧ್ಯತೆಗಳಿರುವುದರಿಂದ ಎರಡನ್ನು ಎರಡರಿಂದ, ಮತ್ತೆ ಎರಡರಿಂದ ಗುಣಿಸಿದಾಗ ಬರುವ ಎಂಟೇ ಗಣಗಳು ಸಾಧ್ಯ. ಯಗಣ, ಮಗಣ, ತಗಣ, ರಗಣ, ಜಗಣ, ಭಗಣ, ನಗಣ, ಸಗಣಗಳೇ ಆ ಎಂಟು. ಪಿಂಗಲನ ಛಂದಃಶಾಸ್ತ್ರವು ಇಷ್ಟಕ್ಕೇ ನಿಲ್ಲದೆ, ಇಷ್ಟು ಅಕ್ಷರಗಳ ಪಾದದಲ್ಲಿ ಎಷ್ಟು ವಿನ್ಯಾಸಗಳು ಸಾಧ್ಯ, ಇಂತಿಷ್ಟನೆಯ ವಿನ್ಯಾಸವು ಯಾವುದು, ಈ ವಿನ್ಯಾಸವು ಎಷ್ಟನೆಯದು ಎಂಬ ಪ್ರಶ್ನೆಗಳಿಗೆ ಲೆಕ್ಕದ ಕ್ರಮವನ್ನು ಹೇಳಿತು. ಸಂಖ್ಯೆಯಿಂದ ಎರಡು ಚಿಹ್ನೆಗಳ ಸಾಲಿಗೂ ಆ ಸಾಲಿನಿಂದ ಸಂಖ್ಯೆಗೂ ಸಾಗುವ ಈ ಕ್ರಮವು ಇಂದಿನ ದ್ವಿಮಾನ ಗಣನೆಗೆ ಬಹು ಸಮೀಪವಾದುದು. ಇದರಿಂದ ಪ್ರಾಚೀನರಿಗೆ ಗಣಕಯಂತ್ರವು ತಿಳಿದಿತ್ತೆಂದು ಹೇಳುವುದು ಅಭಿಮಾನದ ಅತಿರೇಕವಾಗುತ್ತದೆ. ಎರಡೇ ಚಿಹ್ನೆಗಳಿಂದ ಅಪಾರವಾದ ವೈವಿಧ್ಯವನ್ನು ಬಣ್ಣಿಸಬಹುದೆಂಬ ತಿಳಿವು ಮಾತ್ರ ಅವರಿಗೆ ನಿಶ್ಚಯವಾಗಿಯೂ ಇತ್ತು. ಪ್ರಸ್ತಾರದ ಗೆರೆಗಳು ಪದ್ಯದ ನಡಿಗೆಯನ್ನು ತೋರಿಸುತ್ತವೆಯೇ ಹೊರತು ಅವೇ ಕಾವ್ಯವಲ್ಲವೆಂಬ ತಿಳಿವೂ ಅವರಲ್ಲಿತ್ತು.

ಯೂರೋಪಿನಲ್ಲಿ ದ್ವಿಮಾನ ಸಂಖ್ಯಾಪದ್ಧತಿಯನ್ನು ವ್ಯವಸ್ಥಿತವಾಗಿ ನಿರೂಪಿಸಿದವನು ಜರ್ಮನಿಯ ತತ್ತ್ವಜ್ಞಾನಿ ಲೈಬ್ನಿಟ್ಸ್. ಈ ವಿಷಯದಲ್ಲಿ ಅವನ ಪ್ರಬಂಧವು ೧೭೦೩ರಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿಗೆ ಸಲ್ಲಿತು. ರೂಢಿಯ ದಶಮಾನ ಪದ್ಧತಿಯಲ್ಲಿ ಬಲದಿಂದ ಎಡಕ್ಕೆ ಸರಿದಂತೆ ಅಂಕಿಯ ಬೆಲೆ ಹತ್ತು ಪಟ್ಟು ಹೆಚ್ಚುತ್ತದೆ. ದ್ವಿಮಾನದಲ್ಲಿ ಅದು ಎರಡು ಪಟ್ಟು ಹೆಚ್ಚುತ್ತದೆ. ಬಿಡಿ, ಹತ್ತು, ನೂರು ಎಂಬ ಸ್ಥಾನಗಳಿಗೆ ಬದಲಾಗಿ ಒಂದು, ಎರಡು, ನಾಲ್ಕು, ಎಂಟು ಎಂಬ ಸ್ಥಾನಗಳು. ಹದಿಮೂರು ಎಂದರೆ ಎಂಟು, ನಾಲ್ಕು ಮತ್ತು ಒಂದರ ಮೊತ್ತವಾದುದರಿಂದ ಅದನ್ನು ೧೧೦೧ ಎಂದು ಬರೆಯಬೇಕು. ಒಂಬತ್ತರವರೆಗಿನ ಮಗ್ಗಿಯನ್ನು ಬಾಯಿಪಾಠ ಮಾಡಬೇಕಾದ ಬಾಲಕನಿಗೆ ಈ ಪದ್ಧತಿಯಲ್ಲಿ ಒಂದೊಂದಲೆ ಒಂದು ಎಂಬುದನ್ನು ಬಿಟ್ಟರೆ ಕಲಿಯತಕ್ಕ ಮಗ್ಗಿಯೇ ಇಲ್ಲ. ಲೈಬ್ನಿಟ್ಸನಿಗೆ ಇದಕ್ಕಿಂತ ದೊಡ್ಡದಾದ ಇನ್ನೊಂದು ಕನಸೂ ಇದ್ದಿತು. ವಿಚಾರಗಳಿಗೆಲ್ಲ ಚಿಹ್ನೆಗಳನ್ನು ಕೊಟ್ಟು, ವಾದವಿವಾದಗಳು ಬಂದಾಗ ಪಂಡಿತರು ಕೂಗಾಡದೆ ಕುಳಿತು ಲೆಕ್ಕ ಮಾಡಿ ಸತ್ಯವನ್ನು ನಿರ್ಣಯಿಸುವಂತಾಗಬೇಕೆಂಬುದೇ ಆ ಕನಸು. ಅವನ ಜೀವಿತಕಾಲದಲ್ಲಿ ಅದು ನನಸಾಗಲಿಲ್ಲ.

ಆ ಕನಸಿಗೆ ಗಣಿತದ ಒಡಲನ್ನು ಕೊಟ್ಟವನು ಇಂಗ್ಲೆಂಡಿನ ಜಾರ್ಜ್ ಬೂಲ್. ೧೮೧೫ರಲ್ಲಿ ಲಿಂಕನ್ ಪಟ್ಟಣದ ಚಮ್ಮಾರನೊಬ್ಬನ ಮಗನಾಗಿ ಹುಟ್ಟಿದ ಈತನಿಗೆ ವಿಶ್ವವಿದ್ಯಾನಿಲಯದ ಶಿಕ್ಷಣವು ಲಭಿಸಲಿಲ್ಲ. ಹದಿನಾರರ ಹರೆಯದಲ್ಲಿಯೇ ಶಾಲಾ ಉಪಾಧ್ಯಾಯನಾಗಿ ಮನೆಯವರನ್ನು ಪೋಷಿಸುತ್ತ, ಭಾಷೆಗಳನ್ನೂ ಉನ್ನತ ಗಣಿತವನ್ನೂ ಸ್ವಪ್ರಯತ್ನದಿಂದ ಕಲಿತು, ೧೮೪೯ರಲ್ಲಿ ಐರ್ಲೆಂಡಿನ ಕಾರ್ಕ್ ನಗರದ ಕ್ವೀನ್ಸ್ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕನಾದನು. ೧೮೪೭ರ ಕಿರುಹೊತ್ತಗೆಯಲ್ಲಿ ಅವನು ಆರಂಭಿಸಿದ ವಿಚಾರವು ೧೮೫೪ರಲ್ಲಿ ಪ್ರಕಟವಾದ, ಚಿಂತನೆಯ ನಿಯಮಗಳನ್ನು ಕುರಿತ ಮಹಾಗ್ರಂಥದಲ್ಲಿ ಪೂರ್ಣರೂಪವನ್ನು ಪಡೆಯಿತು. ತರ್ಕದ ವಾಕ್ಯಗಳನ್ನು ಬೀಜಗಣಿತದ ಸಮೀಕರಣಗಳಂತೆ ಬರೆದು ಬಿಡಿಸಬಹುದೆಂಬುದು ಅವನ ಸಾಧನೆ.

ಆ ಬೀಜಗಣಿತದಲ್ಲಿ ಒಂದು ವಿಚಿತ್ರ ನಿಯಮವಿದೆ. ಬಿಳಿಯ ವಸ್ತುಗಳನ್ನೆಲ್ಲ ಆರಿಸಿ ಇಟ್ಟು, ಆ ರಾಶಿಯಿಂದ ಮತ್ತೊಮ್ಮೆ ಬಿಳಿಯ ವಸ್ತುಗಳನ್ನು ಆರಿಸಿದರೆ ದೊರೆಯುವುದು ಅದೇ ರಾಶಿ. ಎಂದರೆ, ಇಲ್ಲಿ ಯಾವುದನ್ನಾದರೂ ಅದರಿಂದಲೇ ಗುಣಿಸಿದರೆ ಅದೇ ಬರುತ್ತದೆ. ಸಾಮಾನ್ಯ ಸಂಖ್ಯೆಗಳಲ್ಲಿ ಹೀಗಿಲ್ಲ. ಎರಡೆರಡಲೆ ನಾಲ್ಕು, ಮೂರುಮೂರಲೆ ಒಂಬತ್ತು. ಈ ನಿಯಮವನ್ನು ಪಾಲಿಸುವ ಸಂಖ್ಯೆಗಳು ಎರಡೇ ಎರಡು: ಸೊನ್ನೆ ಮತ್ತು ಒಂದು. ಏನೂ ಇಲ್ಲದುದಕ್ಕೆ ಸೊನ್ನೆಯೆಂದೂ ಸಮಸ್ತಕ್ಕೂ ಒಂದೆಂದೂ ಬೂಲನು ಅರ್ಥ ಕಲ್ಪಿಸಿದನು. ವಾಕ್ಯಗಳ ವಿಷಯದಲ್ಲಿ ಅವೇ ಮಿಥ್ಯೆ ಮತ್ತು ಸತ್ಯಗಳಾದವು. ಹೀಗೆ ಸೊನ್ನೆ ಮತ್ತು ಒಂದು ಎಂಬ ಅಂಕಗಳು ತರ್ಕದೊಳಗೆ ಪ್ರವೇಶಿಸಿದುದು ಯಂತ್ರದ ಅನುಕೂಲಕ್ಕಾಗಿ ಅಲ್ಲ. ಮಾನವನು ಹೇಗೆ ವಿಚಾರ ಮಾಡುತ್ತಾನೆಂಬ ಪ್ರಶ್ನೆಗೆ ಉತ್ತರವನ್ನು ಹುಡುಕುವಾಗ. ಗಣಕದ ತರ್ಕಕ್ಕೂ ಮಾನವಚಿಂತನೆಗೂ ಸಂಬಂಧವಿಲ್ಲವೆನ್ನುವವರು ಈ ಇತಿಹಾಸವನ್ನು ಮರೆಯುತ್ತಾರೆ.

ಆದರೆ ಆ ಗ್ರಂಥದ ಇನ್ನೊಂದು ಸಂಗತಿಯನ್ನು ಬೂಲನ ಹೆಸರನ್ನು ನಿತ್ಯ ಬಳಸುವವರೂ ಅನೇಕ ವೇಳೆ ಗಮನಿಸುವುದಿಲ್ಲ. ಅದು ಕೇವಲ ತರ್ಕದ ಗ್ರಂಥವಲ್ಲ, ಸಂಭಾವ್ಯತೆಯ ಗ್ರಂಥವೂ ಹೌದು. ಅದರ ಶೀರ್ಷಿಕೆಯಲ್ಲಿಯೇ ಈ ಎರಡೂ ವಿಷಯಗಳು ಜೊತೆಯಾಗಿವೆ. ಸಂಭಾವ್ಯತೆಯ ಶಾಸ್ತ್ರದಲ್ಲಿ ಸೊನ್ನೆಯೆಂದರೆ ಅಸಾಧ್ಯ, ಒಂದೆಂದರೆ ನಿಶ್ಚಿತ. ಇವೆರಡರ ನಡುವೆ ಆಗಬಹುದು, ಆಗಲಿಕ್ಕಿಲ್ಲ ಎಂಬ ಎಲ್ಲ ತರತಮಗಳಿಗೂ ಅವಕಾಶವಿದೆ. ಚಿಂತನೆಯ ನಿಯಮಗಳನ್ನು ಬರೆಯಹೊರಟವನಿಗೆ ಹೌದು ಮತ್ತು ಇಲ್ಲ ಎಂಬ ಎರಡು ಕೊನೆಗಳಷ್ಟೇ ಸಾಕಾಗಲಿಲ್ಲ. ಅವುಗಳ ನಡುವಿನ ವಿಸ್ತಾರವೂ ಬೇಕಾಯಿತು. ಪಾಠ ಹೇಳಲು ಮಳೆಯಲ್ಲಿ ನೆನೆದು ನಡೆದುಹೋದ ಬೂಲನು ಆ ಬಳಿಕ ಜ್ವರಪೀಡಿತನಾಗಿ ೧೮೬೪ರಲ್ಲಿ ತನ್ನ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡನು. ಅವನು ಬದುಕಿರುವಾಗ ತನ್ನ ಬೀಜಗಣಿತದಿಂದ ಯಂತ್ರವೊಂದು ನಡೆದೀತೆಂಬುದಕ್ಕೆ ಯಾವ ಸೂಚನೆಯೂ ಇರಲಿಲ್ಲ.

ಆ ಯೋಗವು ಕೂಡಿಬಂದುದು ೧೯೩೭ರಲ್ಲಿ. ಅಮೆರಿಕೆಯ ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ವಿದ್ಯಾರ್ಥಿ ಕ್ಲಾಡ್ ಶಾನನ್ ತನ್ನ ಸ್ನಾತಕೋತ್ತರ ಪ್ರಬಂಧದಲ್ಲಿ, ದೂರವಾಣಿ ವಿನಿಮಯ ಕೇಂದ್ರಗಳಲ್ಲಿರುವಂತಹ ರಿಲೇ ಮಂಡಲಗಳನ್ನು ಬೂಲನ ಬೀಜಗಣಿತದಿಂದ ವಿವರಿಸಬಹುದೆಂದು ತೋರಿಸಿದನು. ಅದೇ ದಶಕದಲ್ಲಿ ಜಪಾನಿನ ಅಕಿರಾ ನಕಾಶಿಮ ಮತ್ತು ರಷ್ಯದ ವಿಕ್ಟರ್ ಶೆಸ್ತಕೋವ್ ಎಂಬವರೂ ಸ್ವತಂತ್ರವಾಗಿ ಇದೇ ದಾರಿಯಲ್ಲಿ ಸಾಗಿದ್ದರು. ಶಾನನ್‌ನ ವಿಚಾರವು ಮನೆಯ ವಿದ್ಯುದ್ದೀಪದಿಂದಲೇ ಅರ್ಥವಾಗತಕ್ಕದ್ದು. ಒಂದೇ ತಂತಿಯಲ್ಲಿ ಎರಡು ಸ್ವಿಚ್ಚುಗಳನ್ನು ಒಂದರ ಮುಂದೊಂದು ಜೋಡಿಸಿದರೆ, ಇದೂ ಅದೂ ಎರಡೂ ಒತ್ತಿದ್ದರೆ ಮಾತ್ರ ದೀಪ ಹತ್ತುತ್ತದೆ. ಎರಡು ಬೇರೆ ಬೇರೆ ತಂತಿಗಳಲ್ಲಿ ಅಕ್ಕಪಕ್ಕದಲ್ಲಿ ಜೋಡಿಸಿದರೆ, ಇದಾಗಲಿ ಅದಾಗಲಿ ಒಂದನ್ನು ಒತ್ತಿದರೂ ಸಾಕು. ಮಹಡಿಯ ಮೆಟ್ಟಿಲಿನ ದೀಪಕ್ಕೆ ಕೆಳಗೊಂದು ಮೇಲೊಂದು ಇರುವ ಸ್ವಿಚ್ಚುಗಳು ಮೂರನೆಯ ಬಗೆಯವು. ಎರಡೂ ಒಂದೇ ಸ್ಥಿತಿಯಲ್ಲಿದ್ದರೆ ದೀಪ ಆರುತ್ತದೆ, ಬೇರೆಬೇರೆಯಾಗಿದ್ದರೆ ಹತ್ತುತ್ತದೆ. ‘ಮತ್ತು’, ‘ಅಥವಾ’, ‘ಎರಡರಲ್ಲಿ ಒಂದು ಮಾತ್ರ’ ಎಂಬ ಭಾಷೆಯ ಮಾತುಗಳು ಹೀಗೆ ತಂತಿಯ ಜೋಡಣೆಗಳಾದವು.

ಇವುಗಳಿಂದಲೇ ಲೆಕ್ಕವೂ ನಡೆಯುತ್ತದೆ. ದ್ವಿಮಾನದಲ್ಲಿ ಒಂದಕ್ಕೆ ಸೊನ್ನೆಯನ್ನು ಕೂಡಿದರೆ ಒಂದು; ಒಂದಕ್ಕೆ ಒಂದನ್ನು ಕೂಡಿದರೆ ಎರಡು, ಎಂದರೆ ೧೦. ಇಲ್ಲಿ ಬಿಡಿಸ್ಥಾನದ ಅಂಕಿಯು ಮಹಡಿ ಮೆಟ್ಟಿಲಿನ ದೀಪದ ನಿಯಮವನ್ನು ಅನುಸರಿಸುತ್ತದೆ: ಎರಡು ಅಂಕಿಗಳು ಬೇರೆಯಾಗಿದ್ದರೆ ಒಂದು, ಒಂದೇ ಆಗಿದ್ದರೆ ಸೊನ್ನೆ. ಮುಂದಿನ ಸ್ಥಾನಕ್ಕೆ ಒಯ್ಯುವ ದಶಕವು ‘ಮತ್ತು’ ಎಂಬುದರ ನಿಯಮವನ್ನು ಅನುಸರಿಸುತ್ತದೆ: ಎರಡೂ ಒಂದಾಗಿದ್ದರೆ ಮಾತ್ರ ಒಯ್ಯಬೇಕು. ಕೂಡುವುದನ್ನು ಕಲಿತ ಮಂಡಲವು ಕಳೆಯುವುದನ್ನೂ ಗುಣಿಸುವುದನ್ನೂ ಕಲಿಯಬಲ್ಲುದು. ಗಣಕದೊಳಗೆ ಸಂಖ್ಯೆಯನ್ನು ಬಲ್ಲ ಬೇರೊಂದು ಶಕ್ತಿಯಿಲ್ಲ. ತರ್ಕವೇ ಅಲ್ಲಿ ಗಣಿತವಾಗಿ ಪರಿಣಮಿಸುತ್ತದೆ. ದ್ವಿಮಾನ ಅಂಕವನ್ನು ‘ಬಿಟ್’ ಎಂದು ಕರೆಯುವ ರೂಢಿಯು ಶಾನನ್‌ನ ೧೯೪೮ರ ಇನ್ನೊಂದು ಪ್ರಬಂಧದಿಂದ ಪ್ರಚಾರಕ್ಕೆ ಬಂದಿತು. ಆ ಪದವು ಜಾನ್ ಟ್ಯೂಕಿಯ ಸಲಹೆಯೆಂದು ಅವನೇ ಅಲ್ಲಿ ತಿಳಿಸಿದ್ದಾನೆ.

ಗಣಕಗಳೆಲ್ಲವೂ ಮೊದಲಿನಿಂದ ದ್ವಿಮಾನದಲ್ಲಿಯೇ ನಡೆದವೆಂದು ಭಾವಿಸಬೇಕಾಗಿಲ್ಲ. ೧೯೪೬ರಲ್ಲಿ ಲೋಕಕ್ಕೆ ಪ್ರದರ್ಶಿತವಾದ, ಸುಮಾರು ಹದಿನೆಂಟು ಸಾವಿರ ವಾಲ್ವುಗಳ ಅಮೆರಿಕೆಯ ಎನಿಯಾಕ್ ಯಂತ್ರವು ದಶಮಾನದಲ್ಲಿಯೇ ಲೆಕ್ಕ ಮಾಡುತ್ತಿದ್ದಿತು. ಅದರ ಮುಂದಿನ ಯಂತ್ರಕ್ಕಾಗಿ ೧೯೪೫ರಲ್ಲಿ ಜಾನ್ ಫಾನ್ ನಾಯ್ಮನ್ ಬರೆದ ವರದಿಯು ದ್ವಿಮಾನವನ್ನು ಸೂಚಿಸಿತು. ಇದರ ಕಾರಣವು ತತ್ತ್ವಜ್ಞಾನದ್ದಲ್ಲ, ವ್ಯವಹಾರದ್ದು. ೫ ವೋಲ್ಟಿನೊಳಗೆ ಹತ್ತು ಅಂಕಿಗಳಿಗೆ ಹತ್ತು ಮಟ್ಟಗಳನ್ನು ಗೊತ್ತುಮಾಡಿದರೆ ಒಂದೊಂದಕ್ಕೆ ಅರ್ಧ ವೋಲ್ಟು ಮಾತ್ರ ದೊರೆತು, ಅಲ್ಪ ಏರಿಳಿತವಾದರೂ ಏಳು ಎಂಬುದು ಎಂಟಾಗಿ ಓದಲ್ಪಡುತ್ತದೆ. ಎರಡೇ ಮಟ್ಟಗಳಾದರೆ ಅವುಗಳ ನಡುವೆ ಅಗಲವಾದ ಬಯಲನ್ನು ಬಿಡಬಹುದು. ೧೯೬೦ರ ದಶಕದಿಂದ ಬಹುಕಾಲ ಬಳಕೆಯಲ್ಲಿದ್ದ ೫ ವೋಲ್ಟಿನ ತರ್ಕಮಂಡಲಗಳಲ್ಲಿ ೦.೮ ವೋಲ್ಟಿಗಿಂತ ಕಡಮೆಯಾದುದನ್ನು ಸೊನ್ನೆಯೆಂದೂ ೨ ವೋಲ್ಟಿಗಿಂತ ಹೆಚ್ಚಾದುದನ್ನು ಒಂದೆಂದೂ ಎಣಿಸಬೇಕೆಂಬ ಒಪ್ಪಂದವಿತ್ತು. ನಡುವೆ ಬಿದ್ದುದಕ್ಕೆ ಅರ್ಥವೇ ಇಲ್ಲ. ವಿನ್ಯಾಸಕಾರನು ವಿದ್ಯುತ್ತು ಅಲ್ಲಿ ನಿಲ್ಲದಂತೆ ನೋಡಿಕೊಳ್ಳಬೇಕು.

ಈ ಒಂದು ಸಂಗತಿಯಲ್ಲಿ ದೊಡ್ಡ ಪಾಠವಿದೆ. ಪ್ರಕೃತಿಯಲ್ಲಿ ಸೊನ್ನೆಯೂ ಇಲ್ಲ, ಒಂದೂ ಇಲ್ಲ. ಅಲ್ಲಿರುವುದು ನಿರಂತರವಾಗಿ ಏರಿಳಿಯುವ ವಿದ್ಯುತ್ಪ್ರವಾಹ. ಗೆರೆಯನ್ನು ಎಳೆದವನು ಮಾನವನು. ಇತ್ತ ಬಿದ್ದುದನ್ನು ಇಲ್ಲವೆಂದೂ ಅತ್ತ ಬಿದ್ದುದನ್ನು ಹೌದೆಂದೂ ಕರೆಯತಕ್ಕದ್ದೆಂದು ನಿರ್ಣಯಿಸಿದವನೂ ಅವನೇ. ಯಂತ್ರದ ಅಚಲವಾದ ನಿಶ್ಚಯದ ಕೆಳಗೆ ಮಾನವನ ಒಂದು ಒಪ್ಪಂದವು ಅಡಗಿ ಕುಳಿತಿದೆ.

ತಳಹದಿಯು ದ್ವಿಮಾನವಾದ ಮಾತ್ರಕ್ಕೆ ಮೇಲಿನ ಕಟ್ಟಡವೂ ಒರಟಾಗಿರಬೇಕೆಂಬ ನಿಯಮವಿಲ್ಲ. ಎಂಟು ಬಿಟ್‌ಗಳಿಂದ ೨೫೬ ಬಗೆಯ ವಿನ್ಯಾಸಗಳು ಸಾಧ್ಯವಾದುದರಿಂದ ಛಾಯಾಚಿತ್ರವೊಂದರ ಪ್ರತಿಯೊಂದು ಬಿಂದುವಿಗೂ ಕಪ್ಪಿನಿಂದ ಬಿಳುಪಿನವರೆಗೆ ೨೫೬ ಛಾಯೆಗಳನ್ನು ಕೊಡಬಹುದು. ಲೋಕದ ಲಿಪಿಗಳಿಗೆಲ್ಲ ಸಂಖ್ಯೆಗಳನ್ನು ಗೊತ್ತುಪಡಿಸಿದ ಯೂನಿಕೋಡ್ ಪದ್ಧತಿಯು ೧೯೯೧ರ ತನ್ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ೧೨೮ ಸ್ಥಾನಗಳನ್ನು ಮೀಸಲಿಟ್ಟಿತು. ಅದರಲ್ಲಿ ಅಕಾರದ ಸಂಖ್ಯೆಯು ೩೨೦೫. ದ್ವಿಮಾನದಲ್ಲಿ ಅದು ೧೧೦೦೧೦೦೦೦೧೦೧. ವರ್ಣಮಾಲೆಯ ಪ್ರಥಮಾಕ್ಷರವೂ ಗಣಕದೊಳಗೆ ಸೊನ್ನೆ ಒಂದುಗಳ ರೂಪದಿಂದಲೇ ಸಂಚರಿಸುತ್ತದೆ. ಇತ್ತೀಚಿನ ವರ್ಷಗಳಲ್ಲಿ ಪ್ರಬಲವಾಗಿರುವ, ಅನುಭವದಿಂದ ಕಲಿಯುವ ಯಂತ್ರಗಳೂ ಹೀಗೆಯೇ. ಅವುಗಳ ಒಳಗಿನ ಲೆಕ್ಕವು ಸೊನ್ನೆ ಒಂದುಗಳಲ್ಲಿ ನಡೆದರೂ ಅವು ಕೊಡುವ ಉತ್ತರವು ಮೂಲತಃ ಹೌದು ಇಲ್ಲಗಳಲ್ಲ. ಇದು ಇಷ್ಟು ಸಂಭವನೀಯ, ಅದು ಅಷ್ಟು ಸಂಭವನೀಯ ಎಂಬ ತರತಮಗಳೇ ಆಗಿವೆ. ಬೂಲನ ಗ್ರಂಥದ ಪೂರ್ವಾರ್ಧವನ್ನು ಅಡಿಪಾಯವಾಗಿಸಿ ಅದರ ಉತ್ತರಾರ್ಧವನ್ನು ಮೇಲೆ ಕಟ್ಟಿದಂತಾಗಿದೆ. ಆದುದರಿಂದ ಸೊನ್ನೆ ಒಂದುಗಳ ಯಂತ್ರವು ಸೂಕ್ಷ್ಮವನ್ನು ಅರಿಯದೆಂಬ ತಾತ್ಸಾರವು ಸಲ್ಲದು.

ಮಾನವನ ಮಿದುಳಿನ ಕಡೆಗೆ ತಿರುಗಿದರೂ ಇಂತಹುದೇ ಚಿತ್ರವು ಕಾಣುತ್ತದೆ. ಒಂದು ನರಕೋಶವು ಸಾಕಷ್ಟು ಪ್ರಚೋದನೆ ದೊರೆತಾಗ ಪೂರ್ಣಪ್ರಮಾಣದ ಒಂದು ಮಿಡಿತವನ್ನು ಹೊರಡಿಸುತ್ತದೆ, ಇಲ್ಲವಾದರೆ ಹೊರಡಿಸುವುದಿಲ್ಲ, ಅರೆಮಿಡಿತವೆಂಬುದಿಲ್ಲ. ಇದನ್ನು ಆಧರಿಸಿ ೧೯೪೩ರಲ್ಲಿ ಮೆಕ್ಕಲಕ್ ಮತ್ತು ಪಿಟ್ಸ್ ಎಂಬ ಅಮೆರಿಕೆಯ ವಿದ್ವಾಂಸರು, ನರಕೋಶಗಳ ಜಾಲವು ತರ್ಕದ ವಾಕ್ಯಗಳನ್ನು ಬಿಡಿಸಬಲ್ಲ ಮಂಡಲವೆಂದು ಪ್ರತಿಪಾದಿಸಿದರು. ಆಗ ಮಿದುಳೇ ಒಂದು ದ್ವಿಮಾನ ಗಣಕವೆಂಬ ಭಾವನೆಗೆ ಬಲ ಬಂದಿತು. ಆದರೆ ಬ್ರಿಟಿಷ್ ವಿಜ್ಞಾನಿ ಏಡ್ರಿಯನ್ ಅದಕ್ಕೂ ಮೊದಲೇ, ೧೯೨೦ರ ದಶಕದಲ್ಲಿ, ಪ್ರಚೋದನೆಯ ತೀವ್ರತೆಯು ಮಿಡಿತದ ಗಾತ್ರದಲ್ಲಿ ಅಲ್ಲದೆ ಅದರ ವೇಗದಲ್ಲಿ ವ್ಯಕ್ತವಾಗುತ್ತದೆಂದು ಕಂಡುಹಿಡಿದಿದ್ದನು. ಮೆಲ್ಲಗೆ ಮುಟ್ಟಿದರೆ ಮಿಡಿತಗಳು ವಿರಳ. ಬಲವಾಗಿ ಒತ್ತಿದರೆ ದಟ್ಟ. ಮಿಡಿತಗಳ ನಡುವೆ ರಾಸಾಯನಿಕಗಳ ಏರಿಳಿತಗಳೂ ಕೆಲಸ ಮಾಡುತ್ತವೆ. ದ್ವಿಮಾನ ಗಣಕಕ್ಕೆ ರೂಪಕೊಟ್ಟ ಫಾನ್ ನಾಯ್ಮನ್ನನೇ, ಅವನ ಮರಣಾನಂತರ ೧೯೫೮ರಲ್ಲಿ ಪ್ರಕಟವಾದ ಗಣಕ ಮತ್ತು ಮಿದುಳನ್ನು ಕುರಿತ ಪುಸ್ತಕದಲ್ಲಿ, ಮಿದುಳಿನ ಭಾಷೆಯು ಗಣಿತದ ಭಾಷೆಯಲ್ಲವೆಂಬ ತೀರ್ಮಾನದ ಕಡೆಗೆ ವಾಲಿದ್ದಾನೆ. ಸುಮಾರು ೮,೬೦೦ ಕೋಟಿ ನರಕೋಶಗಳ ಈ ಅದ್ಭುತವು ಕೇವಲ ದ್ವಿಮಾನವೂ ಅಲ್ಲ, ದ್ವಿಮಾನಕ್ಕೆ ಹೊರತಾದುದೂ ಅಲ್ಲ.

ಹೌದು ಇಲ್ಲಗಳಾಚೆಗೆ ತರ್ಕವುಂಟೆಂಬ ಅರಿವೂ ಪ್ರಾಚೀನವಾದುದೇ. ಮಧ್ಯಸ್ಥಿತಿಯಿಲ್ಲವೆಂಬ ನಿಯಮವನ್ನು ಸಾರಿದ ಗ್ರೀಸಿನ ಅರಿಸ್ಟಾಟಲನೇ, ನಾಳೆ ನೌಕಾಯುದ್ಧವು ನಡೆಯುತ್ತದೆಂಬ ಮಾತು ಇಂದು ಸತ್ಯವೋ ಮಿಥ್ಯೆಯೋ ಎಂದು ಪ್ರಶ್ನಿಸಿ ತೊಡಕಿಗೆ ಸಿಲುಕಿದನು. ಕನ್ನಡ ನಾಡಿನಲ್ಲಿ ಶತಮಾನಗಳ ಕಾಲ ಬಾಳಿದ ಜೈನದರ್ಶನವು, ಒಂದು ದೃಷ್ಟಿಯಿಂದ ಉಂಟು, ಒಂದು ದೃಷ್ಟಿಯಿಂದ ಇಲ್ಲ, ಒಂದು ದೃಷ್ಟಿಯಿಂದ ಹೇಳಲಾಗದು ಎಂಬ ಮೂಲಗಳಿಂದ ಏಳು ಬಗೆಯ ಉತ್ತರಗಳ ಸ್ಯಾದ್ವಾದವನ್ನು ರೂಪಿಸಿತು. ಪೋಲೆಂಡಿನ ಯಾನ್ ವುಕಾಶೆವಿಚ್ ೧೯೨೦ರಲ್ಲಿ ಮೂರು ಮೌಲ್ಯಗಳ ತರ್ಕವನ್ನು ಮಂಡಿಸಿದನು. ೧೯೫೮ರಲ್ಲಿ ಮಾಸ್ಕೋ ವಿಶ್ವವಿದ್ಯಾನಿಲಯದಲ್ಲಿ ನಿಕೊಲಾಯ್ ಬ್ರುಸೆಂತ್ಸೊವ್ ನಿರ್ಮಿಸಿದ ಸೆತುನ್ ಎಂಬ ಗಣಕವು ಮೂರು ಅಂಕಗಳಿಂದಲೇ ನಡೆಯಿತು. ೧೯೬೫ರಲ್ಲಿ ಅಮೆರಿಕೆಯ ಲೋತ್ಫಿ ಝಾದೆ, ಎತ್ತರದವನು, ಬೆಚ್ಚನೆಯದು ಎಂಬಂತಹ ಮಾತುಗಳಿಗೆ ಸೊನ್ನೆ ಒಂದರ ನಡುವಿನ ಬೆಲೆಗಳನ್ನು ಕೊಡುವ ಗಣಗಳ ಸಿದ್ಧಾಂತವನ್ನು ಪ್ರಕಟಿಸಿದನು. ೧೯೮೭ರಲ್ಲಿ ಜಪಾನಿನ ಸೆಂದಾಯ್ ನಗರದ ಸುರಂಗ ರೈಲು ಆ ತತ್ತ್ವದ ನಿಯಂತ್ರಣದಲ್ಲಿ ಓಡಲಾರಂಭಿಸಿತು. ಗಮನಾರ್ಹವಾದುದೇನೆಂದರೆ, ಝಾದೆಯ ತರ್ಕವನ್ನೂ ಸಾಮಾನ್ಯವಾಗಿ ದ್ವಿಮಾನ ಗಣಕಗಳೇ ನಡೆಸುತ್ತವೆ. ಆದುದರಿಂದ ತರ್ಕಕ್ಕೆ ಎಷ್ಟು ಮೌಲ್ಯಗಳಿರಬೇಕೆಂಬುದು ಇಲ್ಲಿ ಮುಖ್ಯ ವಿವಾದವಲ್ಲ. ತರತಮಗಳ ವಿಸ್ತಾರವನ್ನು ಕೊನೆಗೆ ಹೌದು ಇಲ್ಲ ಎಂಬ ತೀರ್ಪಾಗಿ ಕತ್ತರಿಸುವಾಗ ಗೆರೆಯನ್ನು ಎಲ್ಲಿ ಎಳೆಯಬೇಕು, ಯಾರು ಎಳೆಯಬೇಕು ಎಂಬುದೇ ನಿಜವಾದ ಪ್ರಶ್ನೆ.

ಈ ಪ್ರಶ್ನೆಯು ಪಂಡಿತರಿಗೆ ಮಾತ್ರ ಸಂಬಂಧಿಸಿದುದಲ್ಲ. ಪಡಿತರದ ಅಂಗಡಿಯಲ್ಲಿ ಬೆರಳಚ್ಚನ್ನು ಒತ್ತುವ ವೃದ್ಧೆಯ ಉದಾಹರಣೆಯನ್ನು ಪರಿಶೀಲಿಸಬಹುದು. ಬೆರಳಿನ ಗೆರೆಗಳು ಕೊನೆಗೊಳ್ಳುವ ಹಾಗೂ ಕವಲೊಡೆಯುವ ಬಿಂದುಗಳನ್ನು ಯಂತ್ರವು ಗುರುತಿಸಿ, ಮೊದಲೇ ಸಂಗ್ರಹಿಸಿಟ್ಟ ಅಚ್ಚಿನೊಡನೆ ಹೋಲಿಸುತ್ತದೆ. ಎರಡು ಸಲ ಒತ್ತಿದ ಅಚ್ಚುಗಳು ಎಂದೂ ಸಂಪೂರ್ಣವಾಗಿ ಒಂದೇ ಆಗಿರುವುದಿಲ್ಲವಾದುದರಿಂದ ಯಂತ್ರಕ್ಕೆ ದೊರೆಯುವುದು ಹೋಲಿಕೆಯ ಒಂದು ಅಂಕ ಮಾತ್ರ. ಆ ಅಂಕವು ಗೊತ್ತಾದ ಮಿತಿಯನ್ನು ದಾಟಿದರೆ ಅವಳೇ ಇವಳು, ದಾಟದಿದ್ದರೆ ಅಲ್ಲ. ಮಿತಿಯನ್ನು ಎತ್ತರಿಸಿದರೆ ವಂಚಕರು ಒಳನುಗ್ಗುವುದು ಕಡಮೆಯಾಗುತ್ತದೆ, ಆದರೆ ಅರ್ಹರು ಹೊರಗುಳಿಯುವುದು ಹೆಚ್ಚುತ್ತದೆ. ಇಳಿಸಿದರೆ ಇದಕ್ಕೆ ವ್ಯತಿರಿಕ್ತ. ಎರಡು ತಪ್ಪುಗಳನ್ನೂ ಏಕಕಾಲದಲ್ಲಿ ಇಲ್ಲವಾಗಿಸುವ ಗೆರೆಯಿಲ್ಲ. ಕಳೆ ಕಿತ್ತು, ಕಲ್ಲು ಹೊತ್ತು, ಪಾತ್ರೆ ಬೆಳಗಿ ಸವೆದ ಬೆರಳಿನ ಗೆರೆಗಳು ಮಸುಕಾಗಿರುತ್ತವೆ. ಆಯುಷ್ಯವಿಡೀ ದುಡಿದವಳಿಗೇ ಯಂತ್ರವು ಅಲ್ಲವೆಂದು ಹೇಳುವ ಸಂಭವವು ಹೆಚ್ಚು. ಅವಳ ಎದುರಿಗೆ ಬೆಳಗುವುದು ಹೋಲಿಕೆಯ ಅಂಕವಲ್ಲ, ಅದನ್ನು ಕತ್ತರಿಸಿದ ಗೆರೆಯೂ ಅಲ್ಲ. ಒಂದು ಇಲ್ಲ ಮಾತ್ರ. ಆ ಇಲ್ಲವು ಯಾವನೋ ಒಬ್ಬನು ಎಲ್ಲಿಯೋ ಕುಳಿತು ಆರಿಸಿಕೊಂಡ ಮಿತಿಯ ಫಲವೆಂಬುದು ಅವಳಿಗೂ ತಿಳಿಯದು, ಅಂಗಡಿಯವನಿಗೂ ತಿಳಿಯದು. ಆಕೆಯನ್ನು ಮೂವತ್ತು ವರ್ಷಗಳಿಂದ ಬಲ್ಲ ಅಂಗಡಿಯವನೂ ಯಂತ್ರ ಒಪ್ಪುತ್ತಿಲ್ಲವಮ್ಮಾ ಎಂದು ಕೈಚೆಲ್ಲುವನಾದರೆ, ಅಲ್ಲಿ ಸೋತುದು ಯಂತ್ರವಲ್ಲ, ಮಾನವನ ವಿವೇಕ.

ಇದಕ್ಕೆ ಆಕ್ಷೇಪವೂ ಉಂಟು, ಅದು ಬಲವಾದುದೇ ಆಗಿದೆ. ಗೆರೆಗಳಿಲ್ಲದೆ ಸಮಾಜವು ನಡೆಯದು. ಹದಿನೆಂಟು ತುಂಬಿದವರಿಗೆ ಮತದಾನದ ಹಕ್ಕೆಂದ ಮೇಲೆ ಒಂದು ದಿನ ಕಡಮೆಯಾದವನು ಹೊರಗುಳಿಯಲೇಬೇಕು. ಪರೀಕ್ಷೆಯಲ್ಲಿ ತೇರ್ಗಡೆಯ ಅಂಕವನ್ನು ಗೊತ್ತುಮಾಡಿದ ಮೇಲೆ ಒಂದಂಕ ಕಡಮೆ ಪಡೆದವನು ಅನುತ್ತೀರ್ಣನೇ ಸರಿ. ಪ್ರತಿಯೊಂದು ಪ್ರಸಂಗದಲ್ಲಿಯೂ ವಿವೇಚನೆಗೆ ಅವಕಾಶ ಕೊಟ್ಟರೆ ಅದು ಪಕ್ಷಪಾತಕ್ಕೂ ಲಂಚಕ್ಕೂ ಬಾಗಿಲಾಗುವುದು. ಯಂತ್ರವಾದರೋ ಜಾತಿ ಕುಲಗಳನ್ನೂ ಮುಖವನ್ನೂ ನೋಡದೆ ಎಲ್ಲರಿಗೂ ಒಂದೇ ಗೆರೆಯನ್ನು ಅನ್ವಯಿಸುವುದು. ಈ ಮಾತಿನಲ್ಲಿರುವ ಸತ್ಯವನ್ನು ಅಲ್ಲಗಳೆಯಲಾಗದು. ಬರಹಬಲ್ಲ ಕೆಲವರ ಮರ್ಜಿಯಲ್ಲಿ ಬಹುಜನರ ಬಾಳು ಸಿಕ್ಕಿಕೊಂಡಿದ್ದ ದೇಶದಲ್ಲಿ ಸಮಾನವಾದ ಗೆರೆಯು ಒಂದು ದೊಡ್ಡ ನ್ಯಾಯವೇ ಸರಿ.

ಆದರೆ ಸಮಾನವಾದ ಗೆರೆಯೆಲ್ಲವೂ ನ್ಯಾಯವಾದ ಗೆರೆಯಲ್ಲ. ಸವೆದ ಬೆರಳಿಗೂ ಮೃದುವಾದ ಬೆರಳಿಗೂ ಒಂದೇ ಮಿತಿಯನ್ನಿಟ್ಟಾಗ ಗೆರೆಯು ಸಮಾನವಾಗಿದ್ದರೂ ಅದರ ಹೊರೆಯು ಸಮಾನವಾಗಿರುವುದಿಲ್ಲ. ಆದುದರಿಂದ ದ್ವಿಮಾನದ ತೀರ್ಪು ಮಾನವನ ಬಾಳಿಗೆ ಅನ್ವಯವಾಗುವಲ್ಲೆಲ್ಲ ಮೂರು ಸಂಗತಿಗಳು ಅದರ ಜೊತೆಗಿರಬೇಕು. ಗೆರೆಯನ್ನು ಎಳೆದವರು ಯಾರೆಂಬುದು ತಿಳಿದಿರಬೇಕು. ಅಲ್ಲಿಯೇ ಏಕೆ ಎಳೆದರೆಂಬುದಕ್ಕೆ ಕಾರಣವು ದೊರೆಯಬೇಕು. ಗೆರೆಯ ಹತ್ತಿರ ಬಿದ್ದವರ ಅಹವಾಲನ್ನು ಮತ್ತೊಮ್ಮೆ ಪರಿಶೀಲಿಸಬಲ್ಲ ಒಬ್ಬ ಮನುಷ್ಯನು ಇರಬೇಕು. ತರ್ಕಮಂಡಲವನ್ನು ರಚಿಸಿದವರೂ ೦.೮ ಮತ್ತು ೨ ವೋಲ್ಟುಗಳ ನಡುವೆ ತೀರ್ಪು ಹೇಳಲಾಗದ ಬಯಲೊಂದನ್ನು ಬಿಟ್ಟಿದ್ದರು. ತಂತಿಯ ವಿದ್ಯುತ್ತಿಗೆ ಸಂದ ಆ ಎಚ್ಚರಿಕೆಯು ಮನುಷ್ಯನಿಗೆ ಸಲ್ಲದಿದ್ದರೆ ಹೇಗೆ? ಇನ್ನೂ ತಿಳಿಯದು, ಮತ್ತೆ ನೋಡಬೇಕು ಎಂಬುದು ಅಜ್ಞಾನದ ಮಾತಲ್ಲ; ಅನೇಕ ವೇಳೆ ಅದೇ ಅತ್ಯಂತ ನಿಖರವಾದ ಉತ್ತರ.

ಯಂತ್ರವು ಮನುಷ್ಯನಂತೆ ಯೋಚಿಸತೊಡಗೀತೆಂಬ ಭಯವನ್ನು ಇಂದು ಹಲವರು ವ್ಯಕ್ತಪಡಿಸುತ್ತಿದ್ದಾರೆ. ಅದಕ್ಕಿಂತ ಹತ್ತಿರದ ಅಪಾಯವೆಂದರೆ, ಮನುಷ್ಯನು ಯಂತ್ರದ ತೀರ ಕೆಳಗಿನ ಅಂತಸ್ತಿನಂತೆ ಯೋಚಿಸತೊಡಗುವುದು. ಪರ ಅಥವಾ ವಿರೋಧ, ನಮ್ಮವನು ಅಥವಾ ಹೊರಗಿನವನು, ಜಾಣ ಅಥವಾ ದಡ್ಡ ಎಂದು ಎಲ್ಲವನ್ನೂ ಎರಡೇ ಗೂಡಿಗೆ ತಳ್ಳುವ ಬುದ್ಧಿಯು ಗಣಕಕ್ಕಿಂತ ಬಹು ಹಿಂದಿನದು; ಆದರೆ ಗುಂಡಿಯೊತ್ತಿ ಮೆಚ್ಚುಗೆ ತಿರಸ್ಕಾರಗಳನ್ನು ಸೂಚಿಸುವ ಅಭ್ಯಾಸವು ಅದನ್ನು ಪೋಷಿಸುತ್ತಿದೆ. ಯಂತ್ರವು ಕೋಟ್ಯಂತರ ಬಿಟ್‌ಗಳನ್ನು ಒಂದರ ಮೇಲೊಂದು ಕಟ್ಟಿ ಸೂಕ್ಷ್ಮದ ಕಡೆಗೆ ಏರುತ್ತಿರುವಾಗ, ಮನುಷ್ಯನು ಒಂದೇ ಬಿಟ್‌ಗೆ ಇಳಿಯುವುದು ವಿಪರ್ಯಾಸವಲ್ಲದೆ ಮತ್ತೇನು?

ಹೀಗಿರಲಾಗಿ ಶಾಲೆಗಳ ಹೊಣೆಯು ಇಮ್ಮಡಿಯಾಗಿದೆ. ವಿದ್ಯಾರ್ಥಿಗಳು ದ್ವಿಮಾನ ಗಣಿತವನ್ನೂ ಬೂಲನ ಬೀಜಗಣಿತವನ್ನೂ ಚೆನ್ನಾಗಿ ಕಲಿಯಬೇಕು. ಹೌದೆನ್ನಬೇಕಾದಲ್ಲಿ ಹೌದೆಂದೂ ಇಲ್ಲವೆನ್ನಬೇಕಾದಲ್ಲಿ ಇಲ್ಲವೆಂದೂ ನುಡಿಯುವ ಶಿಸ್ತು ಅದರಿಂದ ಬರುತ್ತದೆ. ಎರಡೂ ಕಡೆಗೆ ಜಾರುವ ಮಾತಿನಿಂದ ವಿಜ್ಞಾನವೂ ಬೆಳೆಯದು, ಸತ್ಯನಿಷ್ಠೆಯೂ ಉಳಿಯದು. ಅದರ ಜೊತೆಗೆ, ಸರಿ ತಪ್ಪು ಗುರುತಿಸುವ ಪ್ರಶ್ನೆಗಳಿಂದ ಅಳೆಯಲಾಗದ ವಿಷಯಗಳೂ ಅವರ ಮುಂದೆ ಬರಬೇಕು. ಇತಿಹಾಸದ ಒಂದು ನಿರ್ಧಾರಕ್ಕೆ ಎರಡು ಪಕ್ಷಗಳಲ್ಲಿಯೂ ಇದ್ದ ಕಾರಣಗಳನ್ನು ತೂಗುವುದು, ಪದ್ಯದ ಪ್ರಸ್ತಾರವನ್ನು ಹಾಕಿದ ಮೇಲೆ ಅದರ ಭಾವವನ್ನು ಅರಸುವುದು, ಪ್ರಯೋಗದ ಫಲವು ಸಂದಿಗ್ಧವಾದಾಗ ಅದನ್ನು ಸಂದಿಗ್ಧವೆಂದೇ ಬರೆದಿಡುವುದು ಇವುಗಳಿಗೂ ಅಂಕಗಳು ದೊರೆಯಬೇಕು. ಇಂದು ತರಗತಿಯಲ್ಲಿ ಕುಳಿತ ಬಾಲಕ ಬಾಲಕಿಯರಲ್ಲಿ ಕೆಲವರಾದರೂ ನಾಳೆ ಗಣಕಗಳಿಗೆ ಮಿತಿಗಳನ್ನು ಗೊತ್ತುಪಡಿಸುವ ಸ್ಥಾನದಲ್ಲಿ ಕುಳಿತುಕೊಳ್ಳುವರು. ಅವರು ಬರೆಯುವ ಒಂದು ಸಂಖ್ಯೆಯಿಂದ ಯಾವುದೋ ಹಳ್ಳಿಯ ಮನೆಯಲ್ಲಿ ಒಲೆಯು ಹೊತ್ತುವುದೋ ಇಲ್ಲವೋ ನಿರ್ಧಾರವಾದೀತು. ಆ ಸಂಖ್ಯೆಯನ್ನು ಬರೆಯುವ ಮುನ್ನ ಒಂದು ಕ್ಷಣ ಕೈ ತಡೆದು, ಗೆರೆಯ ಆಚೆಗೆ ಉಳಿಯುವವರು ಯಾರೆಂದು ಕೇಳಿಕೊಳ್ಳುವ ಅಭ್ಯಾಸವನ್ನು ಅವರಿಗೆ ಕಲಿಸಬೇಕಾದುದು ಶಿಕ್ಷಣದ ಕರ್ತವ್ಯ. ಯಂತ್ರಕ್ಕೆ ಆ ಪ್ರಶ್ನೆಯು ತಾನಾಗಿ ಹೊಳೆಯಲಾರದು.